ಬೇಲಿಕೋಣೆಯ ಕಂಪ್ಯೂಟರು

ಮರಕ್ಕಡವು
14 ಅಕ್ಟೋಬರ್ 2024

ಹೇಮಾ ಮಗಳೇ,

ಇಲ್ಲಿ ನಾನು ಚೆನ್ನಾಗಿದ್ದೇನೆ, ನಿನ್ನ ಅತ್ತೆ ಚಾಮುಂಡಮ್ಮ ಚೆನ್ನಾಗಿದ್ದಾಳೆ, ಗದ್ದೆ ಹೊಡೆ ತುಂಬಿ ನಿಂತಿದೆ. ದಿವಾಕರನ್ ನಮ್ಮೆಲ್ಲರಿಗಿಂತ ಚೆನ್ನಾಗಿದ್ದಾನೆ. ತೊಂದರೆ ಇರುವುದೇ ಅಲ್ಲಿ.

ಮಾವ ಫೋನು ಬಿಟ್ಟು ಕಾಗದ ಯಾಕೆ ಹಿಡಿದ ಎಂದು ನೀನು ನಗುತ್ತಿರಬೇಕು. ನಮ್ಮ ಕಡೆ ಫೋನಿಗೆ ರೇಂಜ್ ಸಿಗುವುದು ಒಂದೇ ಜಾಗದಲ್ಲಿ. ಅದು ದಿವಾಕರನ ಟೀ ಅಂಗಡಿಯ ಜಗಲಿ. ಊರಿಗೆಲ್ಲ ಬೀಳದ ಸಿಗ್ನಲ್ಲು ಹುಡುಕಿಕೊಂಡು ಹೋಗಿ ಅವನ ಜಗಲಿಯ ಮೇಲೇ ಬೀಳಬೇಕೆ? ಅಲ್ಲಿ ನಿಂತು ನಾನು "ಹೇಮಾ, ಕಂಪ್ಯೂಟರು ಏಳ್ತಾ ಇಲ್ಲ ಕಣಮ್ಮಿ" ಎಂದು ಕೂಗಿದರೆ ಸಂಜೆಯೊಳಗೆ ಸುದ್ದಿ ಪನಮರಂ ಪೇಟೆಯಲ್ಲಿರುತ್ತದೆ. ಹೊಳೆಯಾಚೆ, ಕರ್ನಾಟಕದ ಬೈರಕುಪ್ಪೆಯಲ್ಲೂ ರೇಂಜಿನ ಪಾಡು ಇಷ್ಟೇ, ಆದರೆ ಅಲ್ಲಿ ಅಂಚೆ ಡಬ್ಬಿ ಇದೆ. ದೋಣಿ ದಾಟಿ ಹಾಕಿ ಬರುತ್ತೇನೆ. ಅಜ್ಜಿ ಮನೆಯಲ್ಲಿದ್ದುಕೊಂಡು ನಾನು ಏಳನೇ ತರಗತಿವರೆಗೆ ಕನ್ನಡ ಕಲಿತದ್ದೂ ಅಲ್ಲೇ. ನನ್ನ ಅಕ್ಷರ ನೋಡಿ ಮೇಷ್ಟ್ರು ಹೆಡ್‌ಮೇಷ್ಟ್ರನ್ನು ಕರೆದು ತೋರಿಸಿದ್ದರು. ನಿನಗೆ ಮೊದಲೇ ಹೇಳಿದ್ದೇನೆ, ಇನ್ನೊಮ್ಮೆ ಹೇಳಿದರೆ ನಷ್ಟವಿಲ್ಲ.

ವಿಷಯಕ್ಕೆ ಬರುತ್ತೇನೆ. ಕೋಟೆಯಲ್ಲಿ ನೀನು ಕೆಲಸ ಮಾಡುವ ರಿಪೇರಿ ಅಂಗಡಿಯಿಂದ ಬೇಸಿಗೆಯಲ್ಲಿ ಹಳೆಯ ಕಂಪ್ಯೂಟರೊಂದನ್ನು ನಮ್ಮ ಗದ್ದೆ ಸಮಿತಿಗೆ ಕಳಿಸಿಕೊಟ್ಟೆಯಲ್ಲ, ಅದನ್ನು ಬೇಲಿಕೋಣೆಯಲ್ಲಿ ಇಟ್ಟಿದ್ದೆವು. ಆನೆ ಬೇಲಿಗೆ ಕರೆಂಟು ಬಿಡುವ ಯಂತ್ರ ಇರುವ ಕೋಣೆ ಅದು. ಬೇಲಿ ಬಂದ ದಿನದಿಂದ ಅದರ ಬೀಗದ ಕೈ ಇರುವುದು ನನ್ನ ಸೊಂಟದಲ್ಲಿ. ಈಗ ಆ ಕಂಪ್ಯೂಟರು ಒಳಗಿಂದ ಕೆಟ್ಟಿದೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಬಂದು ನಿಂತುಬಿಡುತ್ತದೆ. ತಾನಾಗಿಯೇ ಕೆಟ್ಟಿತು. ಯಾರೂ ಏನೂ ಮಾಡಿಲ್ಲ. ನಾನಂತೂ ಮಾಡಿಲ್ಲ.

ಹೋದ ಸಭೆಯಲ್ಲಿ ಈ ಮಾತು ಬಂತು. ದಿವಾಕರನ್ ಎದ್ದು ನಿಂತು ಮೆತ್ತಗಿನ ದನಿಯಲ್ಲಿ, "ಚೆಲುವರಾಜೇಟ್ಟಾ, ನನ್ ಲ್ಯಾಪ್‌ಟಾಪಲ್ಲಿ ಸಮಿತಿ ಕೆಲಸ ಮಾಡ್ಕೊಡ್ತೀನಿ, ನಿಮಗ್ಯಾಕೆ ಕಷ್ಟ" ಅಂದ. ಏಟ್ಟ ಎಂದರೆ ಅವರ ಮಲಯಾಳದಲ್ಲಿ ಅಣ್ಣ. ಅಣ್ಣ ಅಣ್ಣ ಎಂದು ಮೆತ್ತಗೆ ಮಾತಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಗಲ್ಫಿನಿಂದ ಬಂದವನು ಗಲ್ಫಿನ ಹಾಗೆ ಮಾತಾಡಲಿ. ಬೇಲಿಯ ತಂತಿ ಎಳೆಯುವುದನ್ನು ಅವನಿಗೆ ಹೇಳಿಕೊಟ್ಟವನು ನಾನು. ಈಗ ಊರಿನವರೆಲ್ಲ ಅವನ ಕಡೆ ತಿರುಗಿ, "ಅದೂ ಒಳ್ಳೇದೇ" ಅಂದರು. ನಿನ್ನ ಅತ್ತೆಯೂ ಅಂದಳು!

ಆಗ ನಾನು ಎದ್ದೆ. "ಡಿಸೆಂಬರ್ ಒಂದರ ಸಭೆಯೊಳಗೆ ಈ ಕಂಪ್ಯೂಟರನ್ನ ನಾನೇ ಎಬ್ಬಿಸ್ತೀನಿ. ಎಬ್ಬಿಸದೇ ಇದ್ರೆ ಬೇಲಿಕೋಣೆ ಬೀಗದ ಕೈ ದಿವಾಕರನಿಗೆ" ಅಂದೆ. ಅಧ್ಯಕ್ಷ ಕುಞ್ಞಿರಾಮನ್ ಅದನ್ನು ಹಾಗೇ ಒಪ್ಪಿಬಿಟ್ಟ. ಅವನು ಬೇಡ ಬೇಡ ಎನ್ನುತ್ತಾನೆ ಎಂದುಕೊಂಡಿದ್ದೆ.

ಇದನ್ನು ಎಬ್ಬಿಸುವ ಮದ್ದು ಪೆನ್ ಡ್ರೈವಿನಲ್ಲಿ ಬರುತ್ತದಂತೆ. ಕಳಿಸು. ನೀನು ಮಾತ್ರ ಬರಬೇಡ. ಬಂದರೆ ಅಕ್ಕನ ಮಗಳು ಬಂದು ಎಬ್ಬಿಸಿದಳು ಅನ್ನುತ್ತಾರೆ.

ನಿನ್ನ ಮಾವ,
ಚೆಲುವರಾಜು


ಹೆಗ್ಗಡದೇವನಕೋಟೆ
19 ಅಕ್ಟೋಬರ್ 2024

ಮಾವ,

ನಿಮ್ಮ ಕಾಗದ ನೋಡಿ ನಮ್ಮ ಅಂಗಡಿಯ ಯಜಮಾನರು "ಯಾರಮ್ಮ ಇದು, ಇಷ್ಟು ದುಂಡಗೆ ಬರೀತಾರೆ" ಅಂದರು. ಖುಷಿಪಡಿ. ಒಳಗಿನ ವಿಷಯ ಅವರಿಗೆ ಓದಿ ಹೇಳಲಿಲ್ಲ.

ಪೆನ್ ಡ್ರೈವ್ ಇದರ ಜೊತೆಗಿದೆ. ಹಳೆಯ ಯಂತ್ರಕ್ಕೆ ಭಾರವಾಗದ ಹಗುರವಾದ ಸಿಸ್ಟಮ್ಮನ್ನು ಅದರಲ್ಲಿ ಬರೆದಿದ್ದೇನೆ. ಆದರೆ ಕಂಪ್ಯೂಟರು ಆನ್ ಆದ ಕೂಡಲೇ ತನ್ನ ಹೊಟ್ಟೆಯಲ್ಲಿರುವ ಡಿಸ್ಕನ್ನೇ ಮೊದಲು ನೋಡುತ್ತದೆ. ಅಲ್ಲಿ ಏನೂ ಸಿಗದೆ ನಿಂತುಬಿಡುತ್ತದೆ. "ಮೊದಲು ಪೆನ್ ಡ್ರೈವ್ ನೋಡು, ಆಮೇಲೆ ಹೊಟ್ಟೆ ನೋಡು" ಎಂದು ಅದಕ್ಕೆ ನಾವು ಹೇಳಿಕೊಡಬೇಕು. ಗದ್ದೆಗೆ ನೀರು ಬಿಡುವ ಸರದಿಯನ್ನು ನೀವು ಬದಲಾಯಿಸುವುದಿಲ್ಲವೇ, ಹಾಗೆ.

ಆನ್ ಮಾಡಿದ ತಕ್ಷಣ ಕೀಲಿಮಣೆಯಲ್ಲಿ ಎಫ್ ಎರಡನ್ನು ಒತ್ತುತ್ತಾ ಇರಿ. ನೀಲಿ ಪರದೆ ಬರುತ್ತದೆ. ಮೌಸ್ ಅಲ್ಲಿ ನಡೆಯುವುದಿಲ್ಲ, ಬಾಣದ ಗುಂಡಿಗಳೇ ಗತಿ. "ಬೂಟ್" ಎಂಬ ಕಡೆ ಹೋಗಿ. ಅಲ್ಲಿ ಸಾಲಾಗಿ ಹೆಸರುಗಳಿವೆ. ಯುಎಸ್‌ಬಿ ಎಂಬ ಹೆಸರನ್ನು ಎಲ್ಲಕ್ಕಿಂತ ಮೇಲೆ ತನ್ನಿ. ಎಫ್ ಹತ್ತು ಒತ್ತಿ ಉಳಿಸಿ. ಆಮೇಲೆ ಯಂತ್ರ ನಿಲ್ಲಿಸಿ, ಪೆನ್ ಡ್ರೈವ್ ಸಿಕ್ಕಿಸಿ, ಮತ್ತೆ ಆನ್ ಮಾಡಿ. ಅಷ್ಟೇ.

ತಾನಾಗಿಯೇ ಕೆಟ್ಟಿತು ಎಂದಿರಿ. ನಂಬಿದ್ದೇನೆ. ಅರ್ಧ.

ದಿವಾಕರನ್ ಅವರ ಮೇಲೆ ನಿಮಗೆ ಯಾಕೆ ಇಷ್ಟು ಉರಿ ಮಾವ? ಸಹಾಯ ಮಾಡ್ತೀನಿ ಅಂದರಷ್ಟೇ ತಾನೆ?

ಅತ್ತೆಗೆ ನೆನಪು ಹೇಳಿ.

ಹೇಮಾ


ಮರಕ್ಕಡವು
25 ಅಕ್ಟೋಬರ್ 2024

ಹೇಮಾ,

"ಅಷ್ಟೇ" ಎಂದು ಬರೆದಿದ್ದೀಯಲ್ಲ, ಆ ಅಷ್ಟೇ ಒಂದು ಬಿಟ್ಟು ಉಳಿದದ್ದೆಲ್ಲ ಆಯಿತು.

ನೀಲಿ ಪರದೆ ಬಂತು. ಮೊದಲ ಸಲಕ್ಕೇ ಬಂತು. ನಿನ್ನ ಅಂಗಡಿಯ ಕೆಲಸದವರಿಗೆ ಮೊದಲ ಸಲಕ್ಕೆ ಬರುತ್ತದೆಯೋ ಕೇಳು. ಯುಎಸ್‌ಬಿಯನ್ನು ಮೇಲಕ್ಕೆ ಏರಿಸಿ ಎಫ್ ಹತ್ತು ಒತ್ತಿದೆ. ಆಮೇಲೆ ನಿಲ್ಲಿಸಿ, ಪೆನ್ ಡ್ರೈವ್ ಸಿಕ್ಕಿಸಿ, ಆನ್ ಮಾಡಿದರೆ ಮತ್ತೆ ಅದೇ ಕಪ್ಪು ಪರದೆ, ಅದೇ ಬಿಳಿ ಅಕ್ಷರ. ಒಂದು ಸಲವಲ್ಲ, ಬೆಳಗ್ಗೆಯಿಂದ ಮಧ್ಯಾಹ್ನದವರೆಗೂ ಹೀಗೇ.

ಅದೂ ಯಾರ ಎದುರಿಗೆ? ದಿವಾಕರನ ಮಗಳು ನೀತುವಿನ ಎದುರಿಗೆ. ಅವಳು ಬೆಳಗ್ಗೆ ಬೇಲಿಯ ಬ್ಯಾಟರಿಗೆ ನೀರು ನೋಡಲು ಬರುತ್ತಾಳೆ. ಅದಕ್ಕಾಗಿ ಕೋಣೆಯ ಇನ್ನೊಂದು ಬೀಗದ ಕೈ ಅವಳ ಹತ್ತಿರ ಇದೆ. ಕಾಲೇಜು ಮುಗಿಸಿದ ಹುಡುಗಿ. ಬಾಗಿಲ ಹತ್ತಿರ ನಿಂತು ನೋಡಿ, "ಮಾಮಾ, ನಾನೊಂದ್ಸಲ ನೋಡ್ಲಾ?" ಅಂದಳು.

"ನೋಡೋಕೇನೈತೆ, ಆಗೋಯ್ತಲ್ಲ" ಅಂದೆ.

"ಆಗಿಲ್ಲವಲ್ಲ ಮಾಮಾ."

"ಆಗ್ತಾ ಐತೆ. ದೊಡ್ಡ ಮೆಶೀನು, ಲ್ಯಾಪ್‌ಟಾಪಲ್ಲ. ಟೈಮ್ ಬೇಕು."

ಅವಳು ನಗದೆ ಹೋದಳು. ನಕ್ಕಿದ್ದರೆ ವಾಸಿಯಿತ್ತು.

ಸಂಜೆ ಟೀ ಅಂಗಡಿಗೆ ಹೋದೆ. ಕುಡಿಯಲು ಅಲ್ಲ, ಮುಖ ತೋರಿಸಲು. ಹೋಗದಿದ್ದರೆ ಹೆದರಿದ ಅನ್ನುತ್ತಾರೆ. ಜಗಲಿ ತುಂಬ ಜನ, ಎಲ್ಲರ ನಡುವೆ ದಿವಾಕರನ ಲ್ಯಾಪ್‌ಟಾಪು, ಅದರಲ್ಲಿ ಯಾವುದೋ ಊರಿನ ಫುಟ್‌ಬಾಲು. ಚಾಯ ಕೈಗೆ ಕೊಡುತ್ತಾ ಅವನು ಕಿವಿಯ ಹತ್ತಿರ ಬಂದು, "ಏಟ್ಟಾ, ಪೆನ್ ಡ್ರೈವ್ ಹಿಂದಿನ ತೂತಿಗೆ ಹಾಕಿ ನೋಡಿದ್ರಾ?" ಅಂದ. ನೋಡು, ಎಷ್ಟು ಕುತಂತ್ರ! ಪೆನ್ ಡ್ರೈವ್ ಬಂದದ್ದು ಇವನಿಗೆ ಹೇಗೆ ಗೊತ್ತು? ಮಗಳು ಹೇಳಿದ್ದಾಳೆ. ನಾನು, "ಚಾಯಕ್ಕೆ ಸಕ್ಕರೆ ಕಮ್ಮಿ" ಎಂದು ಲೋಟ ಇಟ್ಟು ಬಂದೆ. ಸಕ್ಕರೆ ಸರಿಯಾಗಿಯೇ ಇತ್ತು. ಅವನ ಚಾಯ ಯಾವತ್ತೂ ಸರಿಯಾಗಿಯೇ ಇರುತ್ತದೆ, ಅದೂ ಒಂದು ಸಿಟ್ಟು.

ಅವನ ಮೇಲೆ ಉರಿ ಯಾಕೆ ಎಂದು ಕೇಳಿದ್ದೀಯ. ಉರಿಯೇನೂ ಇಲ್ಲ. ಉರಿ ಪಡುವಷ್ಟು ದೊಡ್ಡ ಮನುಷ್ಯನೇ ಅವನು?

ಬೇಗ ಬರೆ.

ಮಾವ


ಹೆಗ್ಗಡದೇವನಕೋಟೆ
31 ಅಕ್ಟೋಬರ್ 2024

ಮಾವ,

ಹಿಂದಿನ ತೂತಿಗೇ ಹಾಕಿ. ಹಳೆಯ ಯಂತ್ರಗಳಲ್ಲಿ ಮುಂದಿನದು ಬರೀ ಅಲಂಕಾರಕ್ಕೆ ಇರುತ್ತದೆ. ದಿವಾಕರನ್ ಹೇಳಿದ್ದು ಸರಿ. ಕೋಪ ಮಾಡಿಕೊಳ್ಳಬೇಡಿ, ತೂತಿಗೆ ಯಾರು ಹೇಳಿದರು ಎಂಬುದು ಗೊತ್ತಾಗುವುದಿಲ್ಲ.

ಅದಕ್ಕೂ ಏಳದಿದ್ದರೆ ಇನ್ನೊಮ್ಮೆ ನೀಲಿ ಪರದೆಗೆ ಹೋಗಿ ನೀವು ಇಟ್ಟ ಸರದಿ ಹಾಗೆಯೇ ಇದೆಯೇ ನೋಡಿ. ಅದೇ ಪರದೆಯ ಮೊದಲ ಪುಟದಲ್ಲಿ ತಾರೀಖು, ಗಂಟೆ ಇರುತ್ತದೆ. ಅದು ಸರಿಯಾಗಿದೆಯೋ ಬರೆಯಿರಿ. ಇದನ್ನು ಮರೆಯಬೇಡಿ, ಮುಖ್ಯ.

ನಾನು ಒಂದು ದಿನಕ್ಕೆ ಬಂದು ಹೋಗಲೇ? ಯಾರಿಗೂ ಕಾಣದ ಹಾಗೆ ಬರುತ್ತೇನೆ.

ಹೇಮಾ


ಮರಕ್ಕಡವು
6 ನವೆಂಬರ್ 2024

ಹೇಮಾ,

ಬರಬೇಡ. ಕಳ್ಳ ಸಿಕ್ಕಿದ್ದಾನೆ.

ನೀನು ಹೇಳಿದ ಹಾಗೆ ನೀಲಿ ಪರದೆಗೆ ಹೋಗಿ ನೋಡಿದೆ. ನಾನು ಕೈಯಾರೆ ಮೇಲಕ್ಕೆ ಏರಿಸಿದ್ದ ಯುಎಸ್‌ಬಿ ಮತ್ತೆ ಕೆಳಗೆ ಬಿದ್ದಿತ್ತು! ಡಿಸ್ಕು ಗತ್ತಿನಿಂದ ಮೇಲೆ ಕೂತಿತ್ತು. ಮತ್ತೆ ಏರಿಸಿದೆ. ಮತ್ತೆ ಬಿತ್ತು. ಹೀಗೆ ಇಡುವುದು ನಾನು, ಬಂದು ತೆಗೆಯುವುದು ಯಾರೋ. ಕೋಣೆಗೆ ಇರುವುದು ಎರಡು ಬೀಗದ ಕೈ. ಒಂದು ನನ್ನದು. ಇನ್ನೊಂದು ಯಾರದು ಎಂದು ಹೋದ ಕಾಗದದಲ್ಲಿ ಬರೆದಿದ್ದೇನೆ. ಕಂಪ್ಯೂಟರು ಏಳದಿದ್ದರೆ ಲಾಭ ಯಾರಿಗೆ ಎಂಬುದನ್ನೂ ಬರೆದಿದ್ದೇನೆ.

ನಿನ್ನೆ ಬೆಳಗ್ಗೆ ನೀತು ಬಂದಾಗ ಕೇಳಿಯೇಬಿಟ್ಟೆ.

"ಏನಮ್ಮಾ, ನಾನಿಲ್ದಾಗ ಕಂಪ್ಯೂಟರ್ ಮುಟ್ತೀಯಾ?"

"ಇಲ್ಲ ಮಾಮಾ. ನೀವೇ ಮುಟ್ಬೇಡ ಅಂದ್ರಲ್ಲ."

"ಹಂಗಾದ್ರೆ ಇಟ್ಟಿದ್ದು ತಾನಾಗೇ ಕೆಳಗಿಳೀತದಾ? ಅದಕ್ಕೇನು ಕಾಲೈತಾ?"

ಅವಳು ಬೀಗದ ಕೈಯನ್ನು ಉಂಗುರದಿಂದ ಬಿಡಿಸಿ ಕಿಟಕಿಯ ಮೇಲಿಟ್ಟು ಹೋದಳು. ಕೇಳದೆಯೇ ಕೊಟ್ಟಳು ಅಂದರೆ ಏನರ್ಥ, ನೀನೇ ಹೇಳು. ತಪ್ಪಿಲ್ಲದವರು ಜಗಳ ಆಡುತ್ತಾರೆ. ನಾನಾಗಿದ್ದರೆ ಆಡುತ್ತಿದ್ದೆ.

ಆಮೇಲೆ ದಿವಾಕರನ್ ಬಂದ. ಮೆತ್ತಗಿನ ದನಿ ಇರಲಿಲ್ಲ.

"ಏಟ್ಟಾ, ನನ್ನ ಬಗ್ಗೆ ಏನ್ ಬೇಕಾದ್ರೂ ಅನ್ನಿ. ನನ್ ಮೋಳ್ನ ಅನ್ಬೇಡಿ."

"ನಾನು ಯಾರನ್ನೂ ಅನ್ಲಿಲ್ಲ. ಕಂಪ್ಯೂಟರ್ ಅಂತು" ಅಂದೆ.

ಚೆನ್ನಾಗಿ ಹೇಳಿದೆ ಅಲ್ಲವೇ? ಮನೆಗೆ ಬಂದು ನಿನ್ನ ಅತ್ತೆಗೆ ಹೇಳಿದರೆ ಅವಳು ಒಲೆಯ ಕಡೆ ತಿರುಗಿದವಳು ಈ ಕಡೆ ತಿರುಗಲೇ ಇಲ್ಲ. ಊಟಕ್ಕೆ ಗಂಜಿ, ಉಪ್ಪಿನಕಾಯಿ. ಉಪ್ಪಿನಕಾಯಿಯೂ ಹಳೆಯದು.

ಬೈರಕುಪ್ಪೆಯಿಂದ ಹೊಸ ಬೀಗ ತಂದು ಹಾಕಿದ್ದೇನೆ. ಈಗ ಎರಡು ಬೀಗ. ಬ್ಯಾಟರಿ ನೀರನ್ನೂ ನಾನೇ ನೋಡುತ್ತೇನೆ.

ತಾರೀಖು ಕೇಳಿದ್ದೀಯ. ತಾರೀಖಿಗೇನು, ಚೆನ್ನಾಗಿಯೇ ಇದೆ.

ಮಾವ


ಹೆಗ್ಗಡದೇವನಕೋಟೆ
11 ನವೆಂಬರ್ 2024

ಮಾವ,

ನೀವು ಮಾಡಿದ್ದು ಚೆನ್ನಾಗಿಲ್ಲ. ಕಾಗದವನ್ನು ಎರಡು ಸಲ ಓದಿದೆ, ಎರಡು ಸಲವೂ ಚೆನ್ನಾಗಿ ಕಾಣಲಿಲ್ಲ. ನನ್ನ ಅಂಗಡಿಯಲ್ಲಿ ಯಾವುದಾದರೂ ಯಂತ್ರ ಹಾಳಾದರೆ ಗಿರಾಕಿಗಳು ಮೊದಲು ಅನ್ನುವ ಮಾತೇ ಅದು, "ಆ ಹುಡುಗಿ ಮುಟ್ಟಿದ್ಲು." ಆ ಹುಡುಗಿ ಯಾವಾಗಲೂ ನಾನೇ ಆಗಿರುತ್ತೇನೆ.

ನೀತು ಮೂಲೆಯಲ್ಲಿ ಕೂತು ಯಾರ ಹತ್ತಿರವೂ ಮಾತಾಡುತ್ತಿಲ್ಲ. ಅಂಗಡಿಯ ಮುಂದಕ್ಕೂ ಬರುತ್ತಿಲ್ಲ. ಅದಕ್ಕೆ ನೀವು ಏನಾದರೂ ಮಾಡಲೇಬೇಕು.

ಯಂತ್ರದ ಮಾತು: ತಾರೀಖು ಸರಿಯಿದೆ ಎಂದಿದ್ದೀರಿ. ಇಲ್ಲದಿದ್ದರೆ ನನಗೆ ಬೇರೆಯೇ ಅನುಮಾನ ಇತ್ತು. ಈಗ ಒಂದು ಪರೀಕ್ಷೆ ಮಾಡಿ. ಸರದಿ ಬದಲಾಯಿಸಿ ಉಳಿಸಿ. ನಿಮ್ಮ ಎರಡೂ ಬೀಗ ಹಾಕಿ. ಮಾರನೆಯ ದಿನ ನೀವೇ ತೆಗೆದು ನೋಡಿ. ಆಗಲೂ ಬದಲಾಗಿದ್ದರೆ ಯಾರ ಮೇಲೆ ಹೇಳುತ್ತೀರಿ?

ಕಂಪ್ಯೂಟರು ಆನ್ ಮಾಡುವುದರಿಂದ ಹಿಡಿದು ಕೋಣೆಗೆ ಬೀಗ ಹಾಕುವವರೆಗೆ ನೀವು ಏನೇನು ಮಾಡುತ್ತೀರೋ ಎಲ್ಲವನ್ನೂ ಬರೆಯಿರಿ. ಬರೆಯಲು ಏನಿದೆ ಎನ್ನಿಸುವುದನ್ನೂ ಬರೆಯಿರಿ.

ಹೇಮಾ


ಮರಕ್ಕಡವು
17 ನವೆಂಬರ್ 2024

ಹೇಮಾ,

ಎರಡು ಬೀಗದ ಒಳಗೂ ಬದಲಾಗಿದೆ.

ಮೊದಲು ಯೋಚಿಸಿದ್ದು, ದಿವಾಕರನ್ ಲ್ಯಾಪ್‌ಟಾಪಿನಿಂದ ಗಾಳಿಯಲ್ಲೇ ಮಾಡುತ್ತಿದ್ದಾನೆ ಎಂದು. ನಿನ್ನ ಅತ್ತೆಗೆ ಹೇಳಿದೆ. "ಅವ್ನಿಗೆ ಬೇರೆ ಕೆಲ್ಸಿಲ್ವಾ? ನಿಮ್ ಹಂಗೆ ಕೂತವ್ನಾ?" ಅಂದಳು. ಅನ್ನಲಿ. ಆದರೆ ನಿನಗೆ ಒಂದು ಪ್ರಶ್ನೆ. ನೀತು ಮೂಲೆಯಲ್ಲಿ ಕೂತದ್ದು ಕೋಟೆಯಲ್ಲಿರುವ ನಿನಗೆ ಹೇಗೆ ಕಂಡಿತು? ನಾನು ಬರೆದಿಲ್ಲ. ಅತ್ತೆ ಜಗಲಿಗೆ ಫೋನು ಹಿಡಿದು ಹೋಗಿಲ್ಲ. ಉಳಿದವರು ಯಾರು? ಹೇಳಬೇಡ. ಹೇಳಿದರೆ ನನಗೆ ಊಟ ಸೇರುವುದಿಲ್ಲ. ಇಲ್ಲ, ಹೇಳು. ಹೇಳದಿದ್ದರೆ ನಿದ್ದೆ ಬರುವುದಿಲ್ಲ.

ನಾನು ಮಾಡುವುದನ್ನೆಲ್ಲ ಬರೆ ಎಂದಿದ್ದೀಯ. ಬರೆಯುತ್ತೇನೆ.

ಮೊದಲು ಯಂತ್ರ ಆನ್ ಮಾಡಿ ನೀಲಿ ಪರದೆಗೆ ಹೋಗುತ್ತೇನೆ. ತಾರೀಖಿನ ಪುಟ ಬರುತ್ತದೆ. ಈಗ ಸಿಟ್ಟಾಗಬೇಡ. ಚೆನ್ನಾಗಿದೆ ಎಂದೆನೇ ಹೊರತು ಸರಿಯಾಗಿದೆ ಎನ್ನಲಿಲ್ಲ. ಅಲ್ಲಿ ಯಾವತ್ತು ನೋಡಿದರೂ 2006ನೇ ಇಸವಿ, ಜನವರಿ ಒಂದು. ನನಗೆ ಅದನ್ನು ಬದಲಾಯಿಸಲು ಮನಸ್ಸೇ ಬರಲಿಲ್ಲ. ಬೇಲಿ ಬಂದದ್ದು ಆ ವರ್ಷ. ಊರಿನವರು ನನ್ನ ಕೊರಳಿಗೆ ಹಾರ ಹಾಕಿ ಬೀಗದ ಕೈ ಕೊಟ್ಟರು. ಯಾರ ಗದ್ದೆಗೆ ಆನೆ ಬಂದರೂ "ಚೆಲುವರಾಜನ್ನ ಕರೀರಿ" ಅನ್ನುತ್ತಿದ್ದರು. ದಿವಾಕರನ್ ಆಗ ಗಲ್ಫಿನಲ್ಲಿದ್ದ. ಲ್ಯಾಪ್‌ಟಾಪು ಇರಲಿಲ್ಲ, ಟೀ ಅಂಗಡಿ ಇರಲಿಲ್ಲ, ಜಗಲಿಯೂ ಇರಲಿಲ್ಲ. ಆ ತಾರೀಖಿನ ಎದುರು ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ನಿನ್ನ ಅತ್ತೆ ಒಮ್ಮೆ ಊಟಕ್ಕೆ ಕರೆಯಲು ಬಂದವಳು, "ಏನ್ರೀ, ನೀಲಿ ಗೋಡೆ ನೋಡ್ಕೊಂಡು ನಗ್ತಾ ಕೂತಿದ್ದೀರಿ?" ಎಂದಳು. ನಿನಗೆ ಬರೆದರೆ ಅದನ್ನೂ ಸರಿಮಾಡು ಅನ್ನುತ್ತೀಯೆಂದು ಬರೆಯಲಿಲ್ಲ.

ಆಮೇಲೆ ಯುಎಸ್‌ಬಿ ಮೇಲೇರಿಸಿ, ಎಫ್ ಹತ್ತು ಒತ್ತಿ, ನಿಲ್ಲಿಸುತ್ತೇನೆ. ಆಮೇಲೆ ಎಲ್ಲರೂ ಮಾಡುವುದೇ. ಗೋಡೆಯಿಂದ ಪ್ಲಗ್ಗು ಕಿತ್ತು, ಬರಿಗೈಯಿಂದ ನೆಲ ಮುಟ್ಟಿ, ಸ್ವಲ್ಪ ತಡೆದು, ಆಮೇಲೆ ಪೆನ್ ಡ್ರೈವ್ ಸಿಕ್ಕಿಸುತ್ತೇನೆ. ಬೇಲಿ ನೋಡುವವನಿಗೆ ಇದನ್ನು ಹೇಳಿಕೊಡಬೇಕೆ? ಕರೆಂಟಿನ ಬುಡ ಕೀಳದೆ ಕಬ್ಬಿಣಕ್ಕೆ ಕೈ ಹಾಕಿದವನ ಗತಿ ನಾನು ಕಣ್ಣಾರೆ ಕಂಡಿದ್ದೇನೆ. ಸಂಜೆ ಹೊರಡುವಾಗಲೂ ಪ್ಲಗ್ಗು ಕಿತ್ತೇ ಹೊರಡುವುದು. ತುಲಾ ತಿಂಗಳ ಸಿಡಿಲು ನಿನಗೆ ಗೊತ್ತಲ್ಲ.

ಸಭೆ ಹತ್ತಿರ ಬಂತು ಮಗಳೇ. ನಿನ್ನೆ ಕುಞ್ಞಿರಾಮನ್ ದಾರಿಯಲ್ಲಿ ಸಿಕ್ಕಿ, "ಬೀಗದ ಕೈ ಸೊಂಟದಿಂದ ಬಿಚ್ಚೋಕೆ ಎಣ್ಣೆ ಬೇಕಾ ಚೆಲುವರಾಜಾ?" ಅಂದ. ನಗುವುದಕ್ಕೆ ಹೋದೆ, ಬರಲಿಲ್ಲ.

ಮಾವ


ಹೆಗ್ಗಡದೇವನಕೋಟೆ
21 ನವೆಂಬರ್ 2024

ಮಾವ, ಮಾವ, ಮಾವ!

ಕಳ್ಳರು ಯಾರೂ ಇಲ್ಲ. ನೀವೇ.

ಕಂಪ್ಯೂಟರಿನ ಒಳಗೆ, ಬೋರ್ಡಿನ ಮೇಲೆ, ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ. ನೀವು ನೀಲಿ ಪರದೆಯಲ್ಲಿ ಇಟ್ಟ ಸರದಿಯನ್ನು, ತಾರೀಖನ್ನು ನೆನಪಿಟ್ಟುಕೊಳ್ಳುವುದು ಅದರ ಕೆಲಸ. ಅದು ಸತ್ತಿದೆ. ಗೋಡೆಯ ಕರೆಂಟು ಇರುವವರೆಗೆ ಯಂತ್ರಕ್ಕೆ ಎಲ್ಲ ನೆನಪಿರುತ್ತದೆ. ನೀವು ಪ್ಲಗ್ಗು ಕಿತ್ತ ಕ್ಷಣ ಎಲ್ಲ ಮರೆತು 2006ಕ್ಕೆ ಹೋಗುತ್ತದೆ. ಸರದಿ ಇಟ್ಟವರೂ ನೀವೇ, ಪೆನ್ ಡ್ರೈವ್ ಸಿಕ್ಕಿಸುವ ಮೊದಲು ಅದನ್ನು ಅಳಿಸಿದವರೂ ನೀವೇ. ಪ್ರತಿ ಸಲವೂ.

"ನಿಲ್ಲಿಸಿ" ಎಂದು ನಾನು ಬರೆದದ್ದಕ್ಕೆ ಬೇಲಿ ನೋಡುವವರು ಇಷ್ಟೆಲ್ಲ ಮಾಡುತ್ತಾರೆಂದು ನನಗೆ ಹೊಳೆಯಲಿಲ್ಲ. ಅದು ನನ್ನ ತಪ್ಪು. ತಾರೀಖು ಚೆನ್ನಾಗಿದೆ ಎಂದದ್ದು ನಿಮ್ಮದು. ಆ ಒಂದು ಮಾತು ಸರಿಯಾಗಿ ಬರೆದಿದ್ದರೆ ನೀತುವಿನ ಕೈಯಿಂದ ಬೀಗದ ಕೈ ಹೋಗುತ್ತಿರಲಿಲ್ಲ.

ಹೊಸ ಬ್ಯಾಟರಿಯನ್ನು ರಟ್ಟಿಗೆ ಅಂಟಿಸಿ ಕಳಿಸಿದ್ದೇನೆ. ಅದನ್ನು ಹಾಕುವಾಗ ಪ್ಲಗ್ಗು ಕೀಳಿ, ನೆಲ ಮುಟ್ಟಿ, ಏನು ಬೇಕಾದರೂ ಮಾಡಿ. ಅಕ್ಷರ ಇರುವ ಮೈ ಮೇಲಕ್ಕೆ ಬರಲಿ. ಆಮೇಲೆ ತಾರೀಖು ತಿದ್ದಿ, ಸರದಿ ಇಟ್ಟು, ಪ್ಲಗ್ಗು ಗೋಡೆಯಲ್ಲೇ ಇರುವಾಗ ಪೆನ್ ಡ್ರೈವನ್ನು ಹಿಂದಿನ ತೂತಿಗೆ ಸಿಕ್ಕಿಸಿ. ಹೊಡೆಯುವುದಿಲ್ಲ. ನಾನು ದಿನವೂ ಮಾಡುತ್ತೇನೆ, ಬದುಕಿದ್ದೇನೆ.

ಈಗ ನಿಮ್ಮ ಇನ್ನೊಂದು ಪ್ರಶ್ನೆ. ಹೌದು, ದಿವಾಕರನ್ ಫೋನ್ ಮಾಡುತ್ತಾರೆ. ನಿಮ್ಮ ಮೊದಲ ಕಾಗದ ಬರುವ ಮುಂಚೆಯೇ ಮಾಡಿದ್ದರು. ನಂಬರನ್ನು ಅತ್ತೆ ಕೊಟ್ಟರಂತೆ. "ಮೋಳೇ, ಸಭೆಯಲ್ಲಿ ನಾನು ಬಾಯಿ ತೆರೆದದ್ದೇ ತಪ್ಪಾಯ್ತು. ಬೇಲಿಕೋಣೆ ಕೈ ನನಗೆ ಬೇಡ. ಏಟ್ಟನ ಮುಖ ಹೋಗ್ಬಾರ್ದು, ಹೇಗಾದ್ರೂ ಅವರ ಕೈಯಲ್ಲೇ ಅದು ಎದ್ದೇಳೋ ಹಂಗೆ ಮಾಡು" ಎಂದರು. ನಿಮಗೆ ಹೇಳಬಾರದೆಂದು ಮಾತು ತೆಗೆದುಕೊಂಡಿದ್ದರು. ನೀತುವಿನ ವಿಷಯ ಆದಮೇಲೆ ಒಂದು ಸಲ ಮಾಡಿದರು. ಅವತ್ತು ಜಾಸ್ತಿ ಮಾತಾಡಲಿಲ್ಲ. ನಾನು ಈಗ ಕೊಟ್ಟ ಮಾತು ಮುರಿದಿದ್ದೇನೆ. ನಿಮ್ಮಿಂದಾಗಿ.

ಕಂಪ್ಯೂಟರು ಎದ್ದರೆ ಸಾಲದು ಮಾವ.

ಹೇಮಾ


ಮರಕ್ಕಡವು
2 ಡಿಸೆಂಬರ್ 2024

ಹೇಮಾ ಮಗಳೇ,

ಎದ್ದಿತು!

ಬ್ಯಾಟರಿ ಹಾಕಿ, ನೀನು ಹೇಳಿದ ಹಾಗೆ ಎಲ್ಲ ಮಾಡಿ, ಪ್ಲಗ್ಗು ಗೋಡೆಯಲ್ಲಿರುವಾಗ ಪೆನ್ ಡ್ರೈವ್ ಸಿಕ್ಕಿಸಲು ಹೋದರೆ ಕೈ ಮುಂದೆ ಹೋಗಲೇ ಇಲ್ಲ. ಕಾಡಾನೆಯ ಮುಂದೆ ನಿಂತವನು ಬೆರಳುದ್ದದ ಕಡ್ಡಿ ಹಿಡಿದು ಬೆವರಿದೆ. ಕೊನೆಗೆ ಕಣ್ಣು ಮುಚ್ಚಿ ತುರುಕಿದೆ. ಹೊಡೆಯಲಿಲ್ಲ. ಆನ್ ಮಾಡಿದೆ. ಪರದೆಯ ಮೇಲೆ ಬೆಟ್ಟ, ಮೋಡ, ಬಣ್ಣ. ಒಬ್ಬನೇ ಚಪ್ಪಾಳೆ ಹೊಡೆದುಕೊಂಡೆ. ತಾರೀಖನ್ನೂ ತಿದ್ದಿದೆ. ಈಗ ಅದು ಇವತ್ತಿನ ದಿನವನ್ನೇ ತೋರಿಸುತ್ತದೆ. ಇವತ್ತಿನ ದಿನದಲ್ಲಿ ದಿವಾಕರನ್ ಇದ್ದಾನೆ. ಏನು ಮಾಡುವುದು.

ನಿನ್ನ ಕಾಗದದ ಕೊನೆಯ ಭಾಗ ಓದಿದಾಗ ಸಂತೋಷವಾಗಬೇಕಿತ್ತು. ಆಗಲಿಲ್ಲ. ಅವನು ನನ್ನನ್ನು ಸೋಲಿಸಲು ನಿಂತಿದ್ದಾನೆ ಎಂದುಕೊಂಡಿರುವಾಗ ನನಗೆ ಒಂದು ಗತ್ತಿತ್ತು. ಈಗ ಗೆಲ್ಲಿಸಲು ನಿಂತಿದ್ದನಂತೆ. ಇದಕ್ಕಿಂತ ದೊಡ್ಡ ಏಟು ಅವನು ನನಗೆ ಕೊಟ್ಟಿಲ್ಲ.

ಸಭೆಯ ಹಿಂದಿನ ದಿನ ಟೀ ಅಂಗಡಿಗೆ ಹೋದೆ. ದಿವಾಕರನ್ ಇರಲಿಲ್ಲ, ನೀತು ಇದ್ದಳು. "ನೀತೂ, ಮೆಶೀನಿನ ಬ್ಯಾಟರಿ ಸತ್ತೋಗಿತ್ತು. ನಿನ್ ತಪ್ಪಲ್ಲ" ಅಂದೆ.

"ನನ್ ತಪ್ಪಲ್ಲ ಅಂತ ನಂಗೆ ಮೊದ್ಲೇ ಗೊತ್ತಿತ್ತು ಮಾಮಾ" ಅಂದಳು.

ಒಲೆಯ ಮೇಲೆ ಹಾಲು ಉಕ್ಕಿತು, ಅವಳು ಅದನ್ನು ಇಳಿಸಲೂ ಹೋಗಲಿಲ್ಲ. "ಹಂಗಾದ್ರೆ ಯಾರ್ ತಪ್ಪು?" ಎಂದು ಕೇಳಿದಳು.

"ಪ್ಲಗ್ ಕಿತ್ತೋನ್ದು" ಅಂದೆ.

"ಯಾರು ಕಿತ್ತಿದ್ದು?"

ಕಾಲೇಜಿನಲ್ಲಿ ಇದನ್ನೇ ಕಲಿಸುತ್ತಾರೋ ಏನೋ. "ನಾನು" ಅಂದೆ. ಚಾಯ ಕೊಟ್ಟಳು. ಸಕ್ಕರೆ ಹಾಕಿರಲಿಲ್ಲ. ಪೂರ್ತಿ ಕುಡಿದೆ.

ನಿನ್ನೆ ಸಭೆ. ಊರೆಲ್ಲ ಬೇಲಿಕೋಣೆಯ ಮುಂದೆ ಸೇರಿತ್ತು. ಕುಞ್ಞಿರಾಮನ್, "ಬಾಗಿಲು ತೆಗಿ ಚೆಲುವರಾಜಾ, ನೋಡೂವಾ" ಅಂದ. ನಾನು ಎರಡೂ ಬೀಗದ ಕೈಯನ್ನು ಸೊಂಟದಿಂದ ಬಿಚ್ಚಿ ಎಲ್ಲರ ಎದುರಿಗೆ ನೀತುವಿನ ಕೈಗೆ ಕೊಟ್ಟೆ. "ನೀನು ತೆಗೆಯಮ್ಮ. ನಿನ್ನ ಮೇಲೆ ಸುಮ್ಸುಮ್ನೆ ಅನುಮಾನ ಪಟ್ಟು ಈ ಎರಡ್ನೇ ಬೀಗ ಹಾಕ್ದೋನು ನಾನು" ಅಂದೆ. ಇಷ್ಟು ಹೇಳಬೇಕೆಂದು ಇರಲಿಲ್ಲ. ಹಿಂದಿನ ಸಾಲಿನಲ್ಲಿ ನಿನ್ನ ಅತ್ತೆ ಕೆಮ್ಮಿದಳು, ಬಾಯಿಗೆ ಬಂದುಬಿಟ್ಟಿತು. ನೀತು ಅವಸರ ಮಾಡಲಿಲ್ಲ. ಹಳೆಯ ಬೀಗ ತೆಗೆದಳು. ಹೊಸದನ್ನು ತೆಗೆದು ಕೊಂಡಿಯಿಂದ ಬಿಡಿಸಿ ನನ್ನ ಅಂಗೈಗೆ ಇಟ್ಟಳು. "ಇದು ನಿಮ್ ಮನೆಗಿರ್ಲಿ ಮಾಮಾ" ಅಂದಳು. ಜನ ನಕ್ಕರು. ನಾನೂ ನಕ್ಕೆ. ಈ ಸಲ ಬಂತು.

ಕಂಪ್ಯೂಟರು ಎದ್ದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವನು ದಿವಾಕರನ್. ಹೇಗೆ ಮಾಡಿದಿರಿ ಎಂದು ಯಾರೋ ಕೇಳಿದರು. ನಾಣ್ಯದ ಬ್ಯಾಟರಿಯ ಬಗ್ಗೆ, ಬೋರ್ಡಿನ ಬಗ್ಗೆ, ಹಿಂದಿನ ತೂತಿನ ಬಗ್ಗೆ ಸಾಕಷ್ಟು ವಿವರವಾಗಿ ಹೇಳಿದೆ. ನಿನ್ನ ಹೆಸರು ಒಮ್ಮೆ ಬಂದಿರಬಹುದು. ಬೇಲಿಕೋಣೆಯ ಕೈ ನನ್ನ ಹತ್ತಿರವೇ ಉಳಿಯಲಿ ಎಂದು ತೀರ್ಮಾನವಾಯಿತು. ಇನ್ನೊಂದು ಕೈ ನೀತುವಿಗೆ ಎಂದು ನಾನೇ ಬರೆಸಿದೆ. ಕಂಪ್ಯೂಟರಿನ ಕೆಲಸವೂ ಅವಳದೇ. ಪ್ಲಗ್ಗು ಕೀಳುವ ಕೆಲಸ ಮಾತ್ರ ನನ್ನದು, ಸಿಡಿಲು ಬಂದಾಗ.

ಎಲ್ಲ ಮುಗಿಯಿತು. ಈಗ ಒಂದೇ ಒಂದು ವಿಷಯ ಒಳಗೆ ಕೊರೆಯುತ್ತಿದೆ. ಅವನು ನಿನ್ನನ್ನು ಮೋಳೇ, ಅಂದರೆ ಮಗಳೇ, ಎಂದು ಕರೆಯುತ್ತಾನಂತೆ. ಕರೆಯಲಿ, ಅವನ ಬಾಯಿ ಅವನದು. ನೀನು ಅವನನ್ನು ಏನೆಂದು ಕರೆಯುತ್ತೀ? ಅಂಕಲ್ ಎಂದರೆ ಪರವಾಗಿಲ್ಲ. ಏಟ್ಟನ್ ಎಂದರೂ ಸಹಿಸಿಕೊಳ್ಳುತ್ತೇನೆ. ಮಾವ ಎಂದು ಕರೆಯುತ್ತಿದ್ದರೆ ಈ ಕಾಗದ ಕೈಗೆ ಸಿಕ್ಕ ಕೂಡಲೇ ನಿಲ್ಲಿಸಬೇಕು. ನಿನ್ನ ಅಮ್ಮನಿಗೆ ಇರುವ ತಮ್ಮ ನಾನೊಬ್ಬನೇ.

ಉತ್ತರ ಬರೆ. ಇದೊಂದಕ್ಕೆ ಮಾತ್ರ ಬರೆದರೂ ಸಾಕು.

ಮಾವ


ಹೆಗ್ಗಡದೇವನಕೋಟೆ
7 ಡಿಸೆಂಬರ್ 2024

ಮಾವ,

ನೀತು ನಿಮ್ಮನ್ನು ಮಾಮಾ ಮಾಮಾ ಎನ್ನುತ್ತಾಳೆಂದು ಕಾಗದದ ತುಂಬ ಬರೆದಿದ್ದೀರಿ. ನಾನೇನಾದರೂ ಕೇಳಿದೆನೇ? ಕೇಳಬೇಕು ಎನ್ನಿಸಿತ್ತು, ಕೇಳಲಿಲ್ಲ.

ದಿವಾಕರನ್ ಅವರನ್ನು ನಾನು ಏನೆಂದಾದರೂ ಕರೆಯುವ ಸಂದರ್ಭವೇ ಬಂದಿಲ್ಲ. ಫೋನ್ ಎತ್ತಿ ಯಾರು ಎಂದು ಕೇಳುವ ಮೊದಲೇ ಅವರೇ ಹೇಳಿಬಿಡುತ್ತಾರೆ. ಎಲ್ಲ ಸಲವೂ ಅದೇ ಮಾತು.

"ಮೋಳೇ, ಇದು ಚೆಲುವರಾಜೇಟ್ಟನ ದಿವಾಕರನ್."

ಹೇಮಾ